ರೇಷನ್ ಕಾರ್ಡ್ ಗಡಿ ದಾಟಿತು, ಓಟು ದಾಟಲಿಲ್ಲ

ಹಿಂಜೆವಾಡಿಯಲ್ಲಿ ಎರಡು ಕನ್ನಡಗಳಿವೆ. ಒಂದು, ಐಟಿ ಪಾರ್ಕಿನ ಗಾಜಿನ ಕಟ್ಟಡಗಳೊಳಗೆ ಊಟದ ಹೊತ್ತಿನಲ್ಲಿ ಕೇಳಿಸುವ ನಮ್ಮ ಕನ್ನಡ. ಬೆಂಗಳೂರಿನದು, ಹುಬ್ಬಳ್ಳಿಯದು, ಶಿವಮೊಗ್ಗದ್ದು, ಎಲ್ಲವೂ ಅರ್ಧ ಇಂಗ್ಲಿಷ್ ಬೆರೆತದ್ದು. ಇನ್ನೊಂದು, ಪಕ್ಕದಲ್ಲೇ ಏಳುತ್ತಿರುವ ಟವರುಗಳ ಬುಡದಲ್ಲಿ, ತಗಡಿನ ಶೆಡ್ಡುಗಳ ಸಾಲಿನಲ್ಲಿ ಸಂಜೆ ಏಳರ ನಂತರ ಕೇಳಿಸುವ ಕನ್ನಡ. ಅದು ಅಫಜಲಪುರ, ಜೇವರ್ಗಿ, ಶಹಾಪುರ, ಇಂಡಿ, ಸಿಂದಗಿ ಕಡೆಯ ಮಾತು. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿ ಹರಿದು ಹೋಗುವುದು ಆ ಊರುಗಳ ಕಡೆಗೇ. ನೀರು ಕೆಳಕ್ಕೆ ಹೋಗುತ್ತದೆ, ಜನ ಮೇಲಕ್ಕೆ ಬರುತ್ತಾರೆ. ನಾನು ಕಂಡಂತೆ ಹಾಗೆ ಬಂದವರಲ್ಲಿ ಬಹಳ ಮಂದಿ ದಲಿತರು ಮತ್ತು ಲಂಬಾಣಿಗಳು.

ನಾನು ಕೆಲಸ ಮಾಡುವುದು ಗಾಜಿನ ಒಳಗೆ. ಆದರೆ ನನ್ನ ಊರು ಆ ಶೆಡ್ಡಿನ ಕಡೆಯದು. ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿ, ಅದರಲ್ಲೂ ಊರ ಹೊರಗಿನ ಕೇರಿ. ಅಪ್ಪ ಓದಿ ಮೇಷ್ಟ್ರಾಗಿ ಕಲಬುರಗಿಗೆ ಬಂದರು. ನಾನು ಎಂ.ಟೆಕ್ ಮುಗಿಸಿ ಪುಣೆಗೆ ಬಂದೆ. ನಿವೃತ್ತಿಯಾದ ಮೇಲೆ ಅಪ್ಪ ಮಾತ್ರ ಮತ್ತೆ ಊರಿಗೇ ಹೋಗಿ ಕೂತಿದ್ದಾರೆ.

ಪುಣೆಗೆ ಬಂದ ಮೂರನೇ ವರ್ಷ ನನ್ನ ಓಟನ್ನು ಇಲ್ಲಿಗೆ ತಂದುಕೊಂಡೆ. ಅಪ್ಪನಿಗೆ ಹೇಳಿದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ, "ಓದಿದವ್ರು ನೀವು ಮೊದಲ ಹೋದ್ರಿ. ಈಗ ಓಟೂ ತಗೊಂಡ ಹೊಂಟ್ರಿ. ಊರಾಗ ಉಳದವ್ರ ಬೆನ್ನಿಗಿ ಯಾರ ಅದಾರ?" ಅಂದರು. ಗ್ರಾಮ ಪಂಚಾಯ್ತಿಯ ಒಂದು ವಾರ್ಡು ಹತ್ತಿಪ್ಪತ್ತು ಓಟಿನಲ್ಲಿ ಆ ಕಡೆ ಈ ಕಡೆ ಆಗುತ್ತದೆ. ಆ ಲೆಕ್ಕ ಅವರಿಗೆ ಗೊತ್ತು. ಕೇರಿಯ ಬೋರ್‌ವೆಲ್ ಎಲ್ಲಿ ಕೊರೆಯಬೇಕು ಅನ್ನುವುದು ತೀರ್ಮಾನವಾಗುವುದು ಆ ಹತ್ತಿಪ್ಪತ್ತು ಓಟಿನಲ್ಲೇ.

ಅವರ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಊರು ಬಿಡುವುದು ನಮಗೆ ಬಿಡುಗಡೆಯೋ, ಇಲ್ಲಾ ಉಳಿದವರ ಬಲವನ್ನು ಕಿತ್ತುಕೊಂಡು ಹೋಗುವುದೋ? ವಲಸೆಯಿಂದ ಕೂಲಿ ಹೆಚ್ಚುತ್ತದೆ, ಸರಿ. ಅಧಿಕಾರವೂ ಬರುತ್ತದೆಯೇ?

ಈ ಪ್ರಶ್ನೆಯನ್ನು ನಮಗಿಂತ ಮೊದಲು, ನಮಗಿಂತ ದೊಡ್ಡ ಪ್ರಮಾಣದಲ್ಲಿ ಎದುರಿಸಿದವರು ಅಮೆರಿಕದ ಕಪ್ಪು ಜನರು. ಅವರ ಕಥೆ ಪುಣೆಗೆ ಹೊಸದೇನಲ್ಲ. 1873ರಲ್ಲಿ ಇಲ್ಲಿನ ಜೋತಿರಾವ್ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಗುಲಾಮಗಿರಿಯನ್ನು ತೊಡೆದುಹಾಕಿದ ಅಮೆರಿಕದ ಸಜ್ಜನರಿಗೆ. ಆದರೆ ಅಲ್ಲಿ ಕಾನೂನಿನ ಗುಲಾಮಗಿರಿ ಹೋದರೂ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಓಟು ಬಹಳ ಕಾಲ ಉಳಿಯಲಿಲ್ಲ. ಓಟಿಗೆ ತೆರಿಗೆ, ಓದು ಬರಹದ ಪರೀಕ್ಷೆ, ಅದಕ್ಕೂ ಬಗ್ಗದಿದ್ದರೆ ಗುಂಪುಕೊಲೆ. 1901ರಲ್ಲಿ ಉತ್ತರ ಕೆರೋಲಿನಾದ ಜಾರ್ಜ್ ಹೆನ್ರಿ ವೈಟ್ ಅವಧಿ ಮುಗಿಸಿ ಹೊರಬಂದ ಮೇಲೆ ಅಮೆರಿಕದ ಸಂಸತ್ತಿನಲ್ಲಿ ಒಬ್ಬನೇ ಒಬ್ಬ ಕಪ್ಪು ಸದಸ್ಯ ಇರಲಿಲ್ಲ.

1910ರ ಸುಮಾರಿಗೆ ಅಲ್ಲಿನ ಕಪ್ಪು ಜನರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ ದಕ್ಷಿಣದಲ್ಲೇ ಇದ್ದರು. ಆಗಿನಿಂದ 1970ರವರೆಗೆ ಸುಮಾರು 60 ಲಕ್ಷ ಜನ ಊರು ಬಿಟ್ಟು ಷಿಕಾಗೋ, ಡೆಟ್ರಾಯಿಟ್, ನ್ಯೂಯಾರ್ಕ್ ಕಡೆ ಹೊರಟರು. ಹೋದಲ್ಲೂ ಸುಖವೇನಿರಲಿಲ್ಲ. ಷಿಕಾಗೋದಲ್ಲಿ ಊರಿನ ದಕ್ಷಿಣ ಭಾಗದ ಒಂದು ಪಟ್ಟಿಯಲ್ಲೇ ಅವರನ್ನು ಒತ್ತಿ ಕೂರಿಸಿದರು, ಬೇರೆ ಕಡೆ ಬಾಡಿಗೆಗೆ ಮನೆ ಸಿಗುತ್ತಿರಲಿಲ್ಲ. ಆದರೆ ಅಲ್ಲಿ ಓಟು ಹಾಕಬಹುದಿತ್ತು. ಒಂದೇ ಕಡೆ ಒತ್ತಿ ಕೂರಿಸಿದ್ದರಿಂದ ಆ ಓಟುಗಳೂ ಒಂದೇ ಕಡೆ ಬಿದ್ದವು. 1928ರಲ್ಲಿ ಆ ಪಟ್ಟಿಯಿಂದಲೇ ಆಸ್ಕರ್ ಡಿ ಪ್ರೀಸ್ಟ್ ಸಂಸತ್ತಿಗೆ ಆರಿಸಿ ಬಂದರು. 1983ರಲ್ಲಿ ಅದೇ ನಗರಕ್ಕೆ ಹೆರಾಲ್ಡ್ ವಾಷಿಂಗ್ಟನ್ ಮೇಯರ್ ಆದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2021ರಲ್ಲಿ ಪತ್ರಕರ್ತ ಚಾರ್ಲ್ಸ್ ಬ್ಲೋ ಒಂದು ಪುಸ್ತಕ ಬರೆದು ಇದಕ್ಕೆ ಉಲ್ಟಾ ಮಾತು ಹೇಳಿದರು. ಉತ್ತರಕ್ಕೆ ಹೋಗಿ ನಗರಗಳಲ್ಲಿ ಚದುರಿದ್ದು ಸಾಕು, ಈಗ ದಕ್ಷಿಣಕ್ಕೆ ವಾಪಸ್ ಹೋಗೋಣ, ಅಲ್ಲಿ ಕೆಲವು ರಾಜ್ಯಗಳಲ್ಲಿ ನಾವೇ ಬಹುಸಂಖ್ಯಾತರಾದರೆ ಮೇಯರ್ ಹುದ್ದೆಯಷ್ಟೇ ಅಲ್ಲ, ಇಡೀ ರಾಜ್ಯದ ಅಧಿಕಾರವೇ ನಮ್ಮ ಕೈಯಲ್ಲಿರುತ್ತದೆ ಎಂಬುದು ಅವರ ವಾದ. ಬರೆದದ್ದಷ್ಟೇ ಅಲ್ಲ, ತಾವೇ ನ್ಯೂಯಾರ್ಕ್ ಬಿಟ್ಟು ಅಟ್ಲಾಂಟಾಕ್ಕೆ ಹೋಗಿ ನೆಲೆಸಿದರು. ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದಲ್ಲಿ ಕಪ್ಪು ಜನರು ಹತ್ತಿರ ಹತ್ತಿರ ಮೂರನೇ ಒಂದು ಭಾಗ. 2021ರ ಜನವರಿಯಲ್ಲಿ ಆ ರಾಜ್ಯ ತನ್ನ ಮೊದಲ ಕಪ್ಪು ಸೆನೆಟರ್ ಆಗಿ ರಾಫೆಲ್ ವಾರ್ನಾಕ್ ಅವರನ್ನು ಆರಿಸಿತು. ಬ್ಲೋ ಅವರ ವಾದ ಓದಿದಾಗ ನನಗೆ ನೆನಪಾದದ್ದು ಅಪ್ಪ. ಅವರು ಯಾವ ಪುಸ್ತಕವನ್ನೂ ಓದದೆ ಅದನ್ನೇ ಹೇಳಿದ್ದರು.

ಆದರೆ ನಮ್ಮಲ್ಲಿ ಒಂದು ತೊಡಕಿದೆ. ಜಾರ್ಜಿಯಾ, ಮಿಸಿಸಿಪ್ಪಿಗಳಿಗೆ ಸಮನಾದ ನೆಲ ದಲಿತರಿಗೆ ಇಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 17, ಮಹಾರಾಷ್ಟ್ರದಲ್ಲಿ ಸುಮಾರು 12. ನನ್ನ ಕಲಬುರಗಿ ಜಿಲ್ಲೆಯಲ್ಲಿ ನಾಲ್ಕರಲ್ಲಿ ಒಬ್ಬರು. ಅದೂ ಒಟ್ಟಿಗಿಲ್ಲ, ಪ್ರತಿ ಊರಿನ ಹೊರಗೂ ಒಂದೊಂದು ಕೇರಿ. ಪ್ರತಿ ಊರಿನಲ್ಲೂ ಅಲ್ಪಸಂಖ್ಯಾತರು, ಪ್ರತಿ ಊರಿನಲ್ಲೂ ಬೇರೆಯವರ ಹೊಲದ ಕೂಲಿ.

ಅಂಬೇಡ್ಕರರಿಗೆ ಇದು ಚೆನ್ನಾಗಿ ಗೊತ್ತಿತ್ತು. 1932ರ ಸೆಪ್ಟೆಂಬರ್ 24ರಂದು ಇದೇ ಪುಣೆಯ ಯರವಡಾ ಜೈಲಿನಲ್ಲಿ ಅವರು ಪೂನಾ ಒಪ್ಪಂದಕ್ಕೆ ಸಹಿ ಹಾಕಿದಾಗ ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನ ಸಿಕ್ಕಿತು, ಆದರೆ ಪ್ರತ್ಯೇಕ ಮತದಾರ ಮಂಡಲ ಹೋಯಿತು. ಅಂದರೆ ಸ್ಥಾನದಲ್ಲಿ ಕೂರುವವರು ನಮ್ಮವರು, ಯಾರು ಕೂರಬೇಕೆಂದು ಹೇಳುವವರು ಉಳಿದವರು. ಹತ್ತು ವರ್ಷದ ನಂತರ, 1942ರ ಜುಲೈನಲ್ಲಿ, ನಾಗಪುರದ ಸಮ್ಮೇಳನದಲ್ಲಿ ಒಂದು ನಿರ್ಣಯವಾಯಿತು: ದಲಿತರಿಗೆ ಹಳೆಯ ಹಳ್ಳಿಗಳಿಂದ ದೂರ, ತಮ್ಮದೇ ಆದ ಹೊಸ ಹಳ್ಳಿಗಳು ಬೇಕು. 1947ರಲ್ಲಿ ಸಂವಿಧಾನ ರಚನೆಯ ಹೊತ್ತಿಗೆ ಸಿದ್ಧಪಡಿಸಿದ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಮನವಿಯಲ್ಲಿ ಅದಕ್ಕೊಂದು ವಸತಿ ಆಯೋಗ, ಸಾಗುವಳಿಯಾಗದ ಸರ್ಕಾರಿ ಜಮೀನು, ವರ್ಷಕ್ಕೆ 5 ಕೋಟಿ ರೂಪಾಯಿ ಎಂದು ಲೆಕ್ಕವನ್ನೂ ಕೊಟ್ಟಿದ್ದರು. ಇದು ಕನಸುಗಾರನ ಮಾತಲ್ಲ, ಬಜೆಟ್ ಸಮೇತ ಬರೆದ ವಲಸೆಯ ಯೋಜನೆ. ಅದು ಸಂವಿಧಾನದೊಳಕ್ಕೆ ಬರಲಿಲ್ಲ. 1968ರಲ್ಲಿ ನಮ್ಮ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದ ಬಿ. ಶ್ಯಾಮಸುಂದರ್ ಅದೇ ಬೇಡಿಕೆಯನ್ನು ಮತ್ತೆ ಎತ್ತಿದರು. ಆಗಲೂ ಆಗಲಿಲ್ಲ.

ಸರ್ಕಾರ ಯೋಜನೆ ಹಾಕಿ ಮಾಡದ್ದನ್ನು ಕರ್ನಾಟಕದಲ್ಲಿ ಒಮ್ಮೆ ಚಿನ್ನ ಮಾಡಿತು. ಕೆಜಿಎಫ್ ಅಂದರೆ ಈಗ ಎಲ್ಲರಿಗೂ 2018ರ ಸಿನಿಮಾ ನೆನಪಾಗುತ್ತದೆ. ನಿಜವಾದ ಕೆಜಿಎಫ್‌ನ ಕಥೆ ಅದಕ್ಕಿಂತ ದೊಡ್ಡದು. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ವಹಿಸಿಕೊಂಡ ಮೇಲೆ ಉತ್ತರ ಆರ್ಕಾಟ್ ಜಿಲ್ಲೆಯ ಹಳ್ಳಿಗಳಿಂದ ಸಾವಿರಾರು ತಮಿಳು ದಲಿತರು ಅಲ್ಲಿಗೆ ಬಂದರು. ಜಮೀನ್ದಾರನ ಹೊಲದಿಂದ ನೆಲದೊಳಗೆ ಮೂರು ಕಿಲೋಮೀಟರ್ ಆಳಕ್ಕೆ ಇಳಿಯುವ ಗಣಿಗೆ. ಬಂಡೆ ಸಿಡಿದು ಸತ್ತವರು, ಧೂಳಿನಿಂದ ಶ್ವಾಸಕೋಶ ಕೆಟ್ಟವರು ಲೆಕ್ಕವಿಲ್ಲ. ಆದರೂ ಅಲ್ಲಿ ತಿಂಗಳ ಸಂಬಳವಿತ್ತು, ಮತ್ತು ಎಲ್ಲರೂ ಒಂದೇ ಕಡೆ ಇದ್ದರು.

ಒಂದೇ ಕಡೆ ಇದ್ದುದರಿಂದ ಏನೇನು ಹುಟ್ಟಿತು ನೋಡಿ. ಅಯೋತಿ ದಾಸರ ಶಾಕ್ಯ ಬೌದ್ಧ ಸಂಘದ ಶಾಖೆ ಅಲ್ಲಿನ ಮಾರಿಕುಪ್ಪಂನಲ್ಲಿ 1907ರ ಹೊತ್ತಿಗೇ ಇತ್ತು. ಅಂಬೇಡ್ಕರರ ನಾಗಪುರದ ದೀಕ್ಷೆಗೆ ಸುಮಾರು ಐವತ್ತು ವರ್ಷ ಮೊದಲು. ಅಯೋತಿ ದಾಸರು ಚೆನ್ನೈಯಲ್ಲಿ ನಡೆಸುತ್ತಿದ್ದ 'ತಮಿಳನ್' ಪತ್ರಿಕೆ ನಿಂತುಹೋದಾಗ 1926ರಲ್ಲಿ ಅದಕ್ಕೆ ಮರುಜೀವ ಸಿಕ್ಕಿದ್ದು ಕೆಜಿಎಫ್‌ನಲ್ಲಿ. 1930ರಲ್ಲಿ ಬೆರಳಚ್ಚು ಕೊಡಲಾರೆವು ಎಂದು ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದರು. ಸ್ವಾತಂತ್ರ್ಯದ ನಂತರ ಆ ಕ್ಷೇತ್ರದಿಂದ ವಿಧಾನಸಭೆಗೆ ಕಮ್ಯುನಿಸ್ಟರು ಬಂದರು, ಅಣ್ಣಾ ಡಿಎಂಕೆಯವರು ಬಂದರು, ಅಂಬೇಡ್ಕರರ ಕಲ್ಪನೆಯ ಪಕ್ಷವಾದ ರಿಪಬ್ಲಿಕನ್ ಪಾರ್ಟಿಯಿಂದ ಸಿ.ಎಂ. ಆರುಮುಗಂ, ಎಸ್. ರಾಜೇಂದ್ರನ್ ಬಂದರು. ಆರ್ಕಾಟಿನ ಹಳ್ಳಿಯಲ್ಲೇ ಉಳಿದಿದ್ದರೆ ಇವುಗಳಲ್ಲಿ ಒಂದೂ ಸುಲಭವಾಗಿ ಆಗುತ್ತಿರಲಿಲ್ಲ.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಈಗ ಆ ಜನ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. ಬೆಂಗಳೂರಿನಲ್ಲಿ ಅವರು ಚದುರಿದ ಸೆಕ್ಯೂರಿಟಿ ಗಾರ್ಡುಗಳು, ಹೆಲ್ಪರುಗಳು. ಹೊರಗಿನಿಂದ ಬಂದವರು ಒಂದೆಡೆ ಸೇರಿ ತಮ್ಮ ಭಾಷೆ, ತಮ್ಮ ಪಕ್ಷ ಕಟ್ಟಿದ್ದನ್ನು ನಾವು ಕನ್ನಡಿಗರು ಯಾವಾಗಲೂ ಖುಷಿಯಿಂದ ನೋಡಿಲ್ಲ ಅನ್ನುವುದೂ ನಿಜ. ಪುಣೆಯಲ್ಲಿ ಕೂತು ನೋಡಿದರೆ ಅದು ಬೇರೆ ಥರ ಕಾಣುತ್ತದೆ. ಇಲ್ಲಿ ಹೊರಗಿನವರು ನಾವು.

ಪುಣೆಯಲ್ಲೇ ನಡೆದ ಇನ್ನೊಂದು ವಲಸೆಯ ಕಥೆಯಿದೆ. ಪಂಜಾಬಿನ ರೋಪರ್ ಜಿಲ್ಲೆಯ ಕಾನ್ಶಿರಾಂ 1950ರ ದಶಕದ ಕೊನೆಯಲ್ಲಿ ಇಲ್ಲಿನ ರಕ್ಷಣಾ ಇಲಾಖೆಯ ಸ್ಫೋಟಕ ಸಂಶೋಧನಾ ಪ್ರಯೋಗಾಲಯಕ್ಕೆ ಕೆಲಸಕ್ಕೆ ಸೇರಿದರು. ವಿಜ್ಞಾನ ಓದಿದ, ಸರ್ಕಾರಿ ಸಂಬಳದ ತರುಣ. ಒಂದು ಲೆಕ್ಕದಲ್ಲಿ ಆ ಕಾಲದ ನಮ್ಮಂಥವರು. 1960ರ ದಶಕದ ನಡುವೆ ಅಲ್ಲಿ ಅಂಬೇಡ್ಕರ್ ಜಯಂತಿ ಮತ್ತು ಬುದ್ಧ ಜಯಂತಿಯ ರಜೆ ರದ್ದಾಯಿತು. ರಾಜಸ್ಥಾನದಿಂದ ಬಂದಿದ್ದ ದೀನಾ ಭಾನಾ ಎಂಬ ನಾಲ್ಕನೇ ದರ್ಜೆಯ ನೌಕರ ಅದನ್ನು ವಿರೋಧಿಸಿ ಅಮಾನತಾದರು. ಕಾನ್ಶಿರಾಂ ಅವರ ಜೊತೆ ನಿಂತರು. ರಜೆ ಮರಳಿ ಬಂತು, ದೀನಾ ಭಾನಾ ಅವರಿಗೆ ಕೆಲಸವೂ ಮರಳಿ ಸಿಕ್ಕಿತು. ಸಹೋದ್ಯೋಗಿ ಡಿ.ಕೆ. ಖಾಪರ್ಡೆ ಕೊಟ್ಟ ಅಂಬೇಡ್ಕರರ ಪುಸ್ತಕ ಓದಿದ ಕಾನ್ಶಿರಾಂ ಮುಂದೆ ಕೆಲಸವನ್ನೇ ಬಿಟ್ಟರು. 1978ರಲ್ಲಿ ನೌಕರರ ಸಂಘಟನೆ ಬಾಮ್‌ಸೆಫ್, 1984ರಲ್ಲಿ ಬಹುಜನ ಸಮಾಜ ಪಕ್ಷ, 1995ರಲ್ಲಿ ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿ ಮಾಯಾವತಿ.

ಪಂಜಾಬಿನವನೊಬ್ಬ, ರಾಜಸ್ಥಾನದವನೊಬ್ಬ, ಮಹಾರಾಷ್ಟ್ರದವನೊಬ್ಬ ಒಂದೇ ಕ್ಯಾಂಟೀನಿನಲ್ಲಿ ಸೇರಬೇಕಾದರೆ ನಗರ ಬೇಕಿತ್ತು. ಆದರೆ ಅಧಿಕಾರ ಸಿಕ್ಕಿದ್ದು ಪುಣೆಯಲ್ಲಿ ಅಲ್ಲ. ದಲಿತರು ಐದರಲ್ಲಿ ಒಬ್ಬರಾಗಿರುವ, ಅವರ ಓಟು ಅಲ್ಲೇ ಇದ್ದ ಉತ್ತರ ಪ್ರದೇಶದಲ್ಲಿ. ಬಾಮ್‌ಸೆಫ್ ತನ್ನ ಸದಸ್ಯರಿಂದ ಕೇಳಿದ್ದು ಊರಿಗೆ ವಾಪಸ್ ಹೋಗಿ ಅಂತಲ್ಲ, ನಿಮ್ಮ ಹಣ, ಸಮಯ, ಬುದ್ಧಿಯಲ್ಲಿ ಒಂದು ಪಾಲನ್ನು ಸಮಾಜಕ್ಕೆ ಹಿಂತಿರುಗಿಸಿ ಅಂತ.

ಹೀಗೆ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ಅನಿಸುವುದಿಷ್ಟು. ಷಿಕಾಗೋ ಮತ್ತು ಕೆಜಿಎಫ್‌ನಲ್ಲಿ ಜನ ಹೋದಲ್ಲಿಗೆ ಓಟೂ ಹೋಯಿತು. ಕಾನ್ಶಿರಾಂ ಅವರ ದಾರಿಯಲ್ಲಿ ಜನ ನಗರಕ್ಕೆ ಬಂದರು, ಓಟು ಊರಲ್ಲೇ ಉಳಿಯಿತು, ನಡುವಿನ ಹಗ್ಗ ಕಡಿಯಲಿಲ್ಲ. ಎರಡೂ ದಾರಿಯಲ್ಲಿ ಜನ ಎಲ್ಲೋ ಒಂದು ಕಡೆ ಎಣಿಕೆಗೆ ಸಿಕ್ಕರು. ಹಿಂಜೆವಾಡಿಯ ಶೆಡ್ಡಿನಲ್ಲಿರುವ ನನ್ನ ಊರಿನವರು ಎಲ್ಲೂ ಸಿಗುತ್ತಿಲ್ಲ.

ಓಟು ಊರಲ್ಲಿದೆ. ಮತದಾನದ ದಿನ ಹೋಗಬೇಕಾದರೆ ಎರಡು ಮೂರು ದಿನದ ಕೂಲಿ ಹೋಗುತ್ತದೆ, ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ನಿಂತು ಹೋಗಬೇಕು. ಸ್ಥಳೀಯ ಚುನಾವಣೆಗೆ ಯಾರಾದರೂ ಗಾಡಿ ಮಾಡಿ ಕರೆಸಿಕೊಂಡರೆ ಹೋಗುತ್ತಾರೆ, ಗಾಡಿ ಮಾಡಿದವರಿಗೇ ಓಟು. ಚುನಾವಣಾ ಆಯೋಗ 2022ರ ಡಿಸೆಂಬರ್‌ನಲ್ಲಿ ದೂರದಿಂದಲೇ ಊರಿನ ಕ್ಷೇತ್ರಕ್ಕೆ ಮತ ಹಾಕುವ ಯಂತ್ರವನ್ನು ಪ್ರಕಟಿಸಿತು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳ ಮತ. ಮುಂದಿನ ತಿಂಗಳು ಪಕ್ಷಗಳಿಗೆ ತೋರಿಸಲು ಕರೆಯಿತು, ವಿರೋಧ ಪಕ್ಷಗಳು ಒಪ್ಪಲಿಲ್ಲ, ವಿಷಯ ಅಲ್ಲೇ ನಿಂತಿತು. ಇನ್ನೊಂದು ಕಡೆ, 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯಲ್ಲಿ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೋದವು. ಅದರಲ್ಲಿ ದೊಡ್ಡ ಪಾಲು 'ಬೇರೆಡೆಗೆ ಹೋದವರು, ಮನೆಯಲ್ಲಿ ಸಿಗದವರು'. ಊರಲ್ಲಿ ಹೆಸರು ಹೋಗಿ, ನಗರದಲ್ಲಿ ಸೇರದಿದ್ದರೆ ಆ ಮನುಷ್ಯ ಎಲ್ಲಿಯ ಪ್ರಜೆ?

ಇನ್ನು ಜಾತಿಯ ವಿಷಯ. 1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಒಂದು ರಾಜ್ಯದ ಪರಿಶಿಷ್ಟ ಜಾತಿಯವನು ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿನ ಮೀಸಲಾತಿ ಸಿಗದು ಎಂದಿತು. 2018ರಲ್ಲಿ ಇನ್ನೊಂದು ಪೀಠ ಅದನ್ನೇ ಎತ್ತಿಹಿಡಿಯಿತು. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಪುಣೆಯಲ್ಲಿ ಹುಟ್ಟಿದ ನನ್ನ ಮಗಳಿಗೆ ಇದು ದೊಡ್ಡ ನಷ್ಟವಲ್ಲ, ಅವಳಿಗೆ ನನ್ನ ಸಂಬಳವಿದೆ. ಆದರೆ ಶೆಡ್ಡಿನಲ್ಲಿ ಬೆಳೆದು ಇಲ್ಲೇ ಹನ್ನೆರಡನೇ ಕ್ಲಾಸು ಮುಗಿಸುವ ಹುಡುಗನಿಗೆ ಮೀಸಲಾತಿ ಇರುವ ರಾಜ್ಯದಲ್ಲಿ ಮನೆಯಿಲ್ಲ, ಮನೆಯಿರುವ ರಾಜ್ಯದಲ್ಲಿ ಮೀಸಲಾತಿಯಿಲ್ಲ. ಅವಮಾನವಂತೂ ಗಡಿ ದಾಟಿ ಬರುತ್ತದೆ. ನಾನು ಬಾಡಿಗೆ ಮನೆ ಹುಡುಕುವಾಗ ಒಬ್ಬ ಮಾಲೀಕರು ನನ್ನ ಅಡ್ಡಹೆಸರನ್ನು ಮೂರು ಸಲ ಕೇಳಿ, ನಾಲ್ಕನೇ ಸಲ ಊರಿನಲ್ಲಿ ನಮ್ಮ ಮನೆ ಯಾವ ದಿಕ್ಕಿಗಿದೆ ಎಂದು ಕೇಳಿದರು. ಸಮಾಧಾನದ ಒಂದು ಸಂಗತಿಯೆಂದರೆ, 2023ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣ ಪೀಠ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಗೆ ರಾಜ್ಯದ ಗಡಿ ಅಡ್ಡಬರುವುದಿಲ್ಲ ಎಂದು ಹೇಳಿದೆ.

ಗಡಿ ದಾಟುವುದು ಅಸಾಧ್ಯವೇನಲ್ಲ. ಒಂದು ದೇಶ ಒಂದು ರೇಷನ್ ಕಾರ್ಡ್ ಬಂದ ಮೇಲೆ ಅಫಜಲಪುರದ ಕಾರ್ಡಿನ ಅಕ್ಕಿ ಹಿಂಜೆವಾಡಿಯಲ್ಲಿ ಪಡೆಯಬಹುದು. ಹೆಬ್ಬೆರಳಿಟ್ಟರೆ ಸಾಕು. ಅನ್ನಕ್ಕೆ ಸಾಧ್ಯವಾದದ್ದು ಓಟಿಗೆ ಸಾಧ್ಯವಿಲ್ಲ ಅನ್ನುವುದನ್ನು ಸಾಫ್ಟ್‌ವೇರ್ ಬರೆಯುವ ನಾನು ನಂಬಲಾರೆ. ಅಡ್ಡಿ ತಂತ್ರಜ್ಞಾನದ್ದಲ್ಲ, ನಂಬಿಕೆಯದ್ದು ಮತ್ತು ಇಚ್ಛೆಯದ್ದು.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಇದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಮತದಾರನಾಗಲು ಸ್ವಂತ ಮನೆ ಬೇಕಿಲ್ಲ, ಸಾಮಾನ್ಯವಾಗಿ ವಾಸ ಇದ್ದರೆ ಸಾಕು. ಊರಲ್ಲಿ ಮನೆಯಿದೆ ಎಂಬ ಒಂದೇ ಕಾರಣಕ್ಕೆ ಅಲ್ಲಿಯ ವಾಸಿ ಆಗುವುದೂ ಇಲ್ಲ. ಫುಟ್‌ಪಾತಿನಲ್ಲಿ ಮಲಗುವವರಿಗೂ ಹೆಸರು ಸೇರಿಸುವ ನಿಯಮವಿದೆ: ಬೂತ್ ಮಟ್ಟದ ಅಧಿಕಾರಿ ರಾತ್ರಿ ಬಂದು ಆತ ಅಲ್ಲಿ ಮಲಗುತ್ತಾನೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಹೊಸದಾಗಿ ಸೇರಲು ನಮೂನೆ 6, ಬೇರೆ ಕಡೆಯಿಂದ ವರ್ಗಾಯಿಸಿಕೊಳ್ಳಲು ನಮೂನೆ 8. ಎರಡೂ ಕಡೆ ಹೆಸರಿರಬಾರದು. ವರ್ಷಗಟ್ಟಲೆ ಇಲ್ಲೇ ಇರುವ ಕುಟುಂಬಗಳಿಗೆ ಇದನ್ನು ಅವರದೇ ಕನ್ನಡದಲ್ಲಿ ಹೇಳಿ, ಫಾರಂ ತುಂಬಿಕೊಡಬಲ್ಲವರು ಹಿಂಜೆವಾಡಿಯಲ್ಲಿ ಗಾಜಿನ ಒಳಗಿರುವ ನಾವೇ. ನಾಲ್ಕು ತಿಂಗಳಿಗೆ ಬಂದು ಬಿತ್ತನೆಗೆ ಹೋಗುವವರು ಓಟನ್ನು ಊರಲ್ಲೇ ಇಟ್ಟುಕೊಳ್ಳಲಿ. ಅವರಿಗೆ ಬೇಕಾದದ್ದು ಮತದಾನಕ್ಕೆ ಸಂಬಳ ಸಹಿತ ರಜೆ, ಮತ್ತು ಗಾಡಿ ಮಾಡಿದವನ ಹಂಗಿಲ್ಲದೆ ಹೋಗಿಬರುವ ದಾರಿಖರ್ಚು. ಮತದಾನದ ದಿನದ ರಜೆಯ ಹಕ್ಕು ದಿನಗೂಲಿಯವರಿಗೂ ಕಾನೂನಿನಲ್ಲೇ ಇದೆ, ಆದರೆ ಅದನ್ನು ಗುತ್ತಿಗೆದಾರನ ಮುಂದೆ ಹೇಳುವವರು ಬೇಕು.

ನಾವು ಇಬ್ಬರು ಸಹೋದ್ಯೋಗಿಗಳು ಒಂದು ಸೈಟಿನಲ್ಲಿ ಈ ಕೆಲಸ ಶುರು ಮಾಡಿದ್ದೇವೆ. ಈವರೆಗೆ ಹನ್ನೊಂದು ಫಾರಂ ಆಗಿದೆ. ಒಂದು ಪಾಲಿಕೆಯ ವಾರ್ಡಿಗೆ ಹನ್ನೊಂದು ಏನೂ ಅಲ್ಲ. ಆದರೆ ಶೆಡ್ಡುಗಳಿಗೆ ನಲ್ಲಿ ಬೇಕೆಂದು ಕೇಳಲು ಹೋದಾಗ "ನೀವು ಇಲ್ಲಿನ ಮತದಾರರಾ?" ಎಂಬ ಪ್ರಶ್ನೆಗೆ ಹೌದು ಎನ್ನಲು ಹನ್ನೊಂದು ಜನ ಇರುತ್ತಾರೆ.

ಅಪ್ಪನಿಗೆ ಇದನ್ನು ಹೇಳಿದೆ. "ಛಲೋ ಆತು. ಮತ್ತ ಊರಿಂದು?" ಅಂದರು. ಅವರ ಪ್ರಶ್ನೆಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಪಂಚಾಯ್ತಿ ಚುನಾವಣೆಗೆ ನಿಲ್ಲಲಿರುವ ಕೇರಿಯ ಹುಡುಗಿಗೆ ನಾಮಪತ್ರದ ಕಾಗದಪತ್ರ ಸಿದ್ಧ ಮಾಡಿಕೊಡುವುದು ಈಗ ನನ್ನ ಪಾಲಿಗೆ ಬಂದಿದೆ.